ಪುಟ್ಟಿಯ ಹೆಬ್ಬೆರಳು

ಮನೆಯ ಮುಂಭಾಗ ಲಾಂಡ್ರಿ, ಹಿಂಭಾಗ ಸಂಸಾರ, ನಡುವೆ ಒಂದು ಪರದೆ. ಪರದೆಯ ಈಚೆ ಇಸ್ತ್ರಿಯ ಹಬೆ, ಆಚೆ ಅಡುಗೆಯ ಹಬೆ. ಬಟ್ಟೆ ಕೊಡಲು ಬಂದ ಗಿರಾಕಿಗಳಿಗೆ ಆ ಮನೆಯಲ್ಲಿ ಇವತ್ತು ಏನು ಬೇಯುತ್ತಿದೆ ಎನ್ನುವುದು ಗೊತ್ತಾಗುತ್ತಿತ್ತು. ಮನೆಯವರಿಗೆ ಬೀದಿಯಲ್ಲಿ ಯಾರ ಕಾಲರು ಎಷ್ಟು ಕೊಳೆ ಎನ್ನುವುದು ಗೊತ್ತಾಗುತ್ತಿತ್ತು. ಹೀಗಾಗಿ ಯಾರೂ ಯಾರ ವಿಷಯವನ್ನೂ ಹೆಚ್ಚು ಆಡಿಕೊಳ್ಳುತ್ತಿರಲಿಲ್ಲ.

ಅಂಗಡಿಯಲ್ಲಿ ಪ್ರತಿಯೊಬ್ಬರಿಗೂ ಒಂದು ಜಾಗವಿತ್ತು. ಯಜಮಾನರು ಇಸ್ತ್ರಿ ಮೇಜಿನ ಹಿಂದೆ. ಮಗ, ಬಟ್ಟೆ ತಂದು ಮುಟ್ಟಿಸುವ ವ್ಯಾನಿನಲ್ಲಿ. ಸೊಸೆ ಕಿಟಕಿ ಪಕ್ಕದ ಹೊಲಿಗೆ ಯಂತ್ರದ ಮುಂದೆ. ಕಿತ್ತುಹೋದ ಗುಂಡಿ, ಬಿಚ್ಚಿಕೊಂಡ ಹೊಲಿಗೆ ಅವಳ ಪಾಲು. ಅವಳ ಕಾಲ ಬಳಿ ಚಾಪೆಯ ಮೇಲೆ ಒಂಬತ್ತು ತಿಂಗಳ ಪುಟ್ಟಿ. ಬಾಗಿಲ ಹತ್ತಿರದ ಸ್ಟೂಲಿನ ಮೇಲೆ ಯಜಮಾನರ ತಾಯಿ, ಇಡೀ ಬೀದಿಗೇ ಅಜ್ಜಿ. ಬಂದ ಬಟ್ಟೆಗೆಲ್ಲ ಗುರುತು ಹಾಕುವುದು ಅವಳ ಕೆಲಸ. ಒಂದು ಪುಟ್ಟ ಶೀಸೆಯಲ್ಲಿ ಲಾಂಡ್ರಿ ಶಾಯಿ, ಕೈಯಲ್ಲಿ ಮೊನಚು ಕಡ್ಡಿ. ಕಾಲರಿನ ಒಳಗೆ ಎರಡು ಚುಕ್ಕಿ, ಒಂದು ಗೀಟು, ಹೀಗೆ ಮನೆಗೊಂದು ಗುರುತು. ನಲವತ್ತು ವರ್ಷದಲ್ಲಿ ಒಂದು ಬಟ್ಟೆಯೂ ಅದಲುಬದಲಾಗಿರಲಿಲ್ಲ.

"ನಾನು ಹಾಕಿದ ಗುರುತು ನೂರು ಒಗೆತಕ್ಕೂ ಜಗ್ಗಲ್ಲ," ಎನ್ನುತ್ತಿದ್ದಳು. "ಬಟ್ಟೆ ಹರಿದುಹೋಗುತ್ತೆ, ಗುರುತು ಅಲ್ಲೇ ಇರುತ್ತೆ."

ಅಂಗಡಿಯಲ್ಲಿ ಜಾಗವಿಲ್ಲದವರು ಯಜಮಾನರ ಹೆಂಡತಿ ಒಬ್ಬರೇ. ಎರಡು ವರ್ಷದ ಹಿಂದೆ ವಾರ್ಡಿನ ಚುನಾವಣೆ ಗೆದ್ದ ಮೇಲೆ ಅವರ ಮೇಜನ್ನು ಬಟ್ಟೆಗಂಟುಗಳು ಆಕ್ರಮಿಸಿದ್ದವು. ಬೆಳಗ್ಗೆ ಒಂಬತ್ತಕ್ಕೆ ಹೊರಟರೆ ಚರಂಡಿ, ನಲ್ಲಿ, ಬೀದಿದೀಪ ಎಂದು ಸುತ್ತಿ ಸಂಜೆಗೆ ಬರುವುದು. ಈಗ ಅವರು ಮೆಂಬರಮ್ಮ. ಅತ್ತೆಯೂ ಸಿಟ್ಟು ಬಂದಾಗ ಹಾಗೇ ಕರೆಯುತ್ತಿದ್ದಳು.

ಆ ತಿಂಗಳು ಹಿಂದಿನ ಬೀದಿಗಳಲ್ಲಿ ದಡಾರ ಕಾಣಿಸಿಕೊಂಡಿತು. ಬೇಕರಿ ಓಣಿಯ ಒಂದು ಮಗು ಆಸ್ಪತ್ರೆ ಸೇರಿತು. ಆಮೇಲೆ ಇನ್ನೆರಡು. ಲಸಿಕೆಗೆಂದು ಸಿಸ್ಟರುಗಳು ಮನೆಮನೆ ಅಲೆದರೂ ಬಾಗಿಲು ತೆರೆಯುವವರು ಕಡಿಮೆ. ಯಾರೋ ಯಾರ ಫೋನಿಗೋ ಏನೋ ಕಳಿಸಿದ್ದರು, ಅದು ಎಲ್ಲರ ಫೋನಿಗೂ ಬಂದಿತ್ತು. ಮೆಂಬರುಗಳೆಲ್ಲ ಜನರ ಮುಂದೆ ನಿಂತು ಲಸಿಕೆಯ ಬಗ್ಗೆ ಧೈರ್ಯ ಹೇಳಬೇಕೆಂದು ಮೇಲಿನಿಂದ ಸೂಚನೆ ಬಂತು. ಕೆಲವರು ಒಂದು ಸಲ ಹೇಳಿ ಫೋಟೋ ತೆಗೆಸಿಕೊಂಡು ಸುಮ್ಮನಾದರು. ಮೆಂಬರಮ್ಮ ಸುಮ್ಮನಾಗುವ ಪೈಕಿ ಅಲ್ಲ. ಮಾರ್ಕೆಟ್ಟಿನಲ್ಲಿ ಹೇಳಿದರು, ಬಸ್ ನಿಲ್ದಾಣದಲ್ಲಿ ಹೇಳಿದರು, ಸಂಜೆ ಊಟದ ಮೇಜಿನಲ್ಲಿ ಅಭ್ಯಾಸ ಮಾಡಿದರು.

"ಲಸಿಕೆ ಸುರಕ್ಷಿತ. ಕೋಟಿಗಟ್ಟಲೆ ಮಕ್ಕಳಿಗೆ ಕೊಟ್ಟಿದ್ದಾರೆ. ತಾಯಂದಿರು ಯಾವ ಅನುಮಾನವನ್ನೂ..."

"ಉಪ್ಪು," ಅಂದರು ಯಜಮಾನರು.

"ಏನು?"

"ಉಪ್ಪಿನ ಡಬ್ಬಿ ಈ ಕಡೆ ತಳ್ಳು ಅಂದೆ. ತಾಯಂದಿರನ್ನ ಅಲ್ಲೇ ನಿಲ್ಲಿಸಿರು, ಉಪ್ಪು ಕೊಟ್ಟು ಮುಂದುವರಿಸು."

ಮಗ ನಕ್ಕ. ಸೊಸೆ ನಗಲಿಲ್ಲ. ಪುಟ್ಟಿಗೆ ಮೊಟ್ಟೆಯ ಚೂರು ತಿನ್ನಿಸುತ್ತಿದ್ದವಳು ಕೈ ನಿಲ್ಲಿಸಿ, "ಅತ್ತೆ, ಹೋದ ಸಲ ಚುಚ್ಚಿದಾಗ ಇವಳ ತೊಡೆಯಲ್ಲಿ ಗಂಟು ಬಂದಿತ್ತಲ್ಲ, ಎರಡು ದಿನ ಮೈ ಸುಡ್ತಿತ್ತು..." ಎಂದಳು.

"ಬಂತು, ಹೋಯ್ತು. ಈಗ ಗಂಟಿದ್ಯಾ?"

"ಇಲ್ಲ, ಆದ್ರೆ..."

"ಆದ್ರೆ ಗೀದ್ರೆ ಏನಿಲ್ಲ. ನಾಳೆ ಆರೋಗ್ಯ ಕೇಂದ್ರಕ್ಕೆ ಕರ್ಕೊಂಡು ಹೋಗು. ಮೆಂಬರ್ ಮನೆ ಮಗೂಗೇ ಆಗಿಲ್ಲ ಅಂದ್ರೆ ಜನ ಏನಂತಾರೆ? ನಾನೇ ಬರ್ತಿದ್ದೆ, ಶಾಸಕರ ಆಫೀಸಲ್ಲಿ ಮೀಟಿಂಗ್ ಇದೆ."

ಸೊಸೆ ಮರುದಿನ ಹೋದಳು. ಸಾಲಿನಲ್ಲಿ ನಿಂತಳು. ಮುಂದಿನ ಮಗು ಕಿರುಚಿದ್ದು ಕೇಳಿ ಪುಟ್ಟಿಯ ಕಿವಿ ಮುಚ್ಚಿದಳು. ಒಬ್ಬೊಬ್ಬರಾಗಿ ಮುಂದೆ ಸರಿದು, ಇನ್ನು ಇಬ್ಬರು ಇರುವಾಗ ಮಗುವನ್ನು ಎದೆಗೆ ಒತ್ತಿಕೊಂಡು ವಾಪಸು ಬಂದುಬಿಟ್ಟಳು. ಅಂಗಡಿಯಲ್ಲಿ ಅಜ್ಜಿ ಒಬ್ಬಳೇ ಇದ್ದಳು.

"ಆಯ್ತೇನೇ?"

ಸೊಸೆ ತಲೆ ಅಲ್ಲಾಡಿಸಿ ಅತ್ತಳು. "ಅತ್ತೆ ಬಂದ್ರೆ ಏನು ಹೇಳ್ಲಿ ಅಜ್ಜಿ? ಹೆದರಿಕೆ ಆಗುತ್ತೆ ಅಂದ್ರೆ ಭಾಷಣ ಮಾಡ್ತಾರೆ."

ಅಜ್ಜಿಗೆ ಈ ಮೊಮ್ಮಗನ ಹೆಂಡತಿ ಎಂದರೆ ಪ್ರಾಣ. ತನ್ನ ಸೊಸೆ ಮೆಂಬರಮ್ಮನ ಭಾಷಣವೆಂದರೆ ಅಷ್ಟಕ್ಕಷ್ಟೆ. ಲಸಿಕೆ ಹಾಕಿದ ಮಕ್ಕಳ ಎಡ ಹೆಬ್ಬೆರಳಿನ ಉಗುರಿಗೆ ಸಿಸ್ಟರುಗಳು ಪೆನ್ನಿನಿಂದ ಕಪ್ಪು ಬಳಿಯುತ್ತಿದ್ದರು, ಮನೆಮನೆಗೆ ಬಂದಾಗ ಯಾರದ್ದು ಆಗಿದೆ ಎಂದು ತಿಳಿಯಲಿ ಎಂದು. ಅಜ್ಜಿ ಅದನ್ನು ನೋಡಿದ್ದಳು.

"ಬೆರಳು ತಾ ಇಲ್ಲಿ," ಅಂದಳು, ಶೀಸೆಯ ಮುಚ್ಚಳ ತಿರುಗಿಸುತ್ತ. "ಇವತ್ತಿಗೆ ತಪ್ಪಿಸ್ಕೋ. ನಾಲ್ಕು ದಿನ ಬಿಟ್ಟು ಧೈರ್ಯ ಬಂದಾಗ ನೀನೇ ಹೋಗು. ನಾನೂ ಬರ್ತೀನಿ."

ಮಧ್ಯಾಹ್ನ ಮೆಂಬರಮ್ಮ ಬಂದರು. ಚಾಪೆಯ ಮೇಲಿದ್ದ ಮೊಮ್ಮಗಳ ಕೈ ಹಿಡಿದು ನೋಡಿದರು. ಮುಖ ಅರಳಿತು. ಸೊಸೆ ಬಾಯಿ ತೆರೆಯುವಷ್ಟರಲ್ಲಿ ಮಗುವಿಗೆ ಟೋಪಿ ಹಾಕಿ ಎತ್ತಿಕೊಂಡು ಹೊರಟೇಬಿಟ್ಟರು. ಆ ಸಂಜೆ ಶಾಲೆಯ ಮೈದಾನದಲ್ಲಿ ಸಭೆಯಿತ್ತು.

ವೇದಿಕೆಯ ಮೇಲೆ ಅವರು ಒಂದೇ ಕೆಲಸ ಮಾಡಿದರು. ಪುಟ್ಟಿಯ ಹೆಬ್ಬೆರಳನ್ನು ಎತ್ತಿ ಹಿಡಿದರು. "ಇದು ನನ್ನ ಮೊಮ್ಮಗಳು. ಇವತ್ತು ಬೆಳಗ್ಗೆ ಲಸಿಕೆ ಆಯ್ತು. ನೋಡಿ, ನಗ್ತಿದಾಳೆ. ನನ್ನ ಮನೆ ಮಗೂಗೆ ಆಗೋದು ನಿಮ್ಮ ಮನೆ ಮಗೂಗೆ ಆಗಬಾರದಾ?" ಜನ ಚಪ್ಪಾಳೆ ತಟ್ಟಿದರು. ಆರೋಗ್ಯ ಕಚೇರಿಯವನೊಬ್ಬ ಫೋಟೋ ತೆಗೆದ. ಹಿಂದಿನ ಸಾಲಿನಲ್ಲಿ ನಿಂತಿದ್ದ ಸೊಸೆ ಸೆರಗಿನ ಚುಂಗನ್ನು ಬೆರಳಿಗೆ ಸುತ್ತಿ ಸುತ್ತಿ ಬಿಚ್ಚಿದಳು.

ಮರುದಿನ ಆರೋಗ್ಯ ಕೇಂದ್ರದ ಮುಂದಿನ ಸಾಲು ರಸ್ತೆಯವರೆಗೆ ಬಂತು.

ಎರಡನೇ ವಾರ ಪೋಸ್ಟರು ಬಂತು. ಆಳೆತ್ತರದ ಪುಟ್ಟಿ, ಸೌತೆಕಾಯಿಯಷ್ಟು ದೊಡ್ಡ ಹೆಬ್ಬೆರಳು, ಕಪ್ಪು ಉಗುರು. ಕೆಳಗೆ ದಪ್ಪಕ್ಷರದಲ್ಲಿ: ನನ್ನದಾಯಿತು, ನಿನ್ನದು? ಬಸ್ ನಿಲ್ದಾಣದಲ್ಲಿ, ಮಾರ್ಕೆಟ್ಟಿನ ಕಂಬದಲ್ಲಿ, ಶೌಚಾಲಯದ ಗೋಡೆಯಲ್ಲಿ ಪುಟ್ಟಿ ನಕ್ಕಳು. ಮಗ ವ್ಯಾನಿನ ಹಿಂದೆ ಎರಡು ಅಂಟಿಸಿಕೊಂಡ. ಯಜಮಾನರು ಅಂಗಡಿಯ ಬಾಗಿಲಿಗೇ ಒಂದು ಹಾಕಿದರು.

ಸೊಸೆಗೆ ಊಟ ಸೇರದಾಯಿತು. ಅರ್ಧ ತಿಂದು ತಟ್ಟೆ ಸರಿಸುವಳು. ಒಂದು ದಿನ ಮೇಷ್ಟರ ಶರ್ಟಿನ ತೋಳಿನ ಬಾಯಿಯನ್ನೇ ಹೊಲಿದು ಮುಚ್ಚಿಬಿಟ್ಟಳು. ಮೇಷ್ಟರು ಕೈ ತೂರಿಸಿ, ಆಚೆ ಬರದೆ, ಅಂಗಡಿಗೆ ಬಂದು ನಿಂತರು.

"ನಾಳೆ ಹೋಗೋಣ ಬಾ," ಅಜ್ಜಿ ಪಿಸುಗುಟ್ಟುವಳು.

"ಹೇಗೆ ಹೋಗೋದು ಅಜ್ಜಿ? ಇಡೀ ಊರಿಗೆ ಇವಳ ಮುಖ ಗೊತ್ತು. ಪೋಸ್ಟರ್ ಮಗು ಯಾಕೆ ಬಂತು ಅಂತಾರೆ."

ಅಜ್ಜಿ ಅದನ್ನು ಯೋಚಿಸಿರಲಿಲ್ಲ. ಅವಳು ಯೋಚಿಸದ ಇನ್ನೊಂದು ಸಂಗತಿಯೂ ಇತ್ತು.

ಮೂರನೇ ವಾರ, ಬೆಳಗಿನ ಹೊತ್ತು, ಹಾಲಿನ ಡಿಪೋದವಳು ಬಟ್ಟೆ ತೆಗೆದುಕೊಳ್ಳಲು ಬಂದಳು. ಜೊತೆಗೆ ಅವಳ ಮೂರು ಮಕ್ಕಳು. ಮೆಂಬರಮ್ಮ ಹೊರಡುವ ಮುಂಚೆ ಟೀ ಕುಡಿಯುತ್ತ ಪರದೆಯ ಬಳಿ ನಿಂತಿದ್ದರು. ಡಿಪೋದವಳು ಪುಟ್ಟಿಯ ಕೈ ಹಿಡಿದು ಆಡಿಸಿ, "ಅರೆ, ಇವಳದ್ದು ಇನ್ನೂ ಕಪ್ಪಗೇ ಇದೆಯಲ್ಲ ಮೆಂಬರಮ್ಮ," ಅಂದಳು. "ನಮ್ಮ ಮೂರೂ ಮಕ್ಕಳದ್ದು ಹತ್ತೇ ದಿನಕ್ಕೆ ಹೋಯ್ತು. ನಿಮಗೆ ಒಳ್ಳೇ ಶಾಯಿ ಹಾಕಿದಾರೆ. ಮೆಂಬರ್ ಮನೆ ಅಂದ್ರೆ ಅಲ್ಲೂ ಬೇರೆ ಲೆಕ್ಕ."

ನಗುತ್ತ ಹೇಳಿ ಅವಳು ಹೋದಳು. ಮೆಂಬರಮ್ಮ ಟೀ ಲೋಟ ಕೆಳಗಿಟ್ಟರು. ಪುಟ್ಟಿಯ ಹೆಬ್ಬೆರಳನ್ನು ಸೋಪು ಹಚ್ಚಿ ಉಜ್ಜಿದರು. ಸೀಮೆಎಣ್ಣೆ ಬಟ್ಟೆಯಿಂದ ಒರೆಸಲು ಹೊರಟವರು ನಿಂತರು. ಗೂಟಕ್ಕೆ ತೂಗುಹಾಕಿದ್ದ ಶರ್ಟುಗಳ ಸಾಲನ್ನು ನೋಡಿದರು. ಒಂದರ ಕಾಲರು ಮಡಿಸಿ ಒಳಗಿನ ಎರಡು ಚುಕ್ಕಿ, ಒಂದು ಗೀಟು ನೋಡಿದರು. ಆಮೇಲೆ ಸ್ಟೂಲಿನ ಕಡೆ ತಿರುಗಿದರು. ಅಜ್ಜಿ ಒಂದು ಕರವಸ್ತ್ರಕ್ಕೆ ಗುರುತು ಹಾಕುವುದರಲ್ಲಿ ಮುಳುಗಿದ್ದಳು. ಕರವಸ್ತ್ರಕ್ಕೆ ಅವಳು ಯಾವತ್ತೂ ಗುರುತು ಹಾಕಿದವಳಲ್ಲ.

"ಅತ್ತೆ."

"ಏನು?"

"ನೂರು ಒಗೆತ, ಅಲ್ವಾ?"

ಅಜ್ಜಿ ಕಡ್ಡಿ ಕೆಳಗಿಟ್ಟಳು. "ಬೈಯೋದಿದ್ರೆ ನನ್ನ ಬೈ. ಆ ಹುಡುಗೀನ ಬಿಟ್ಟುಬಿಡು."

ಜಗಳ ಪರದೆಯ ಆಚೆ ನಡೆಯಿತು. ಈಚೆ ಯಜಮಾನರು ಗಿರಾಕಿಗಳಿಗೆ ಕೇಳದಿರಲಿ ಎಂದು ಇಸ್ತ್ರಿಯನ್ನು ಜೋರಾಗಿ ಕುಟ್ಟುತ್ತಿದ್ದರು.

"ಸಾವಿರ ಜನರ ಮುಂದೆ ಎತ್ತಿ ಹಿಡಿದೆ ಕಣೇ ಆ ಬೆರಳನ್ನ," ಅಂದರು ಮೆಂಬರಮ್ಮ ಸೊಸೆಗೆ. "ಒಂದು ಮಾತು ಹೇಳೋಕಾಗ್ಲಿಲ್ವಾ ನಿಂಗೆ?"

"ಹೇಳೋಕೆ ಬಂದೆ. ನೀವು ಟೋಪಿ ಹಾಕ್ತಿದ್ರಿ."

"ಅದಕ್ಕೂ ಮುಂಚೆ?"

"ಅದಕ್ಕೂ ಮುಂಚೆ ನೀವು ಉಪ್ಪು ಕೊಡ್ತಿದ್ರಿ."

ಮಗ ವ್ಯಾನಿನ ಕೀ ಆಡಿಸುತ್ತ ನಡುವೆ ಬಂದ. "ಅಮ್ಮ, ಇದಕ್ಕೆ ಯಾಕಿಷ್ಟು ರಾದ್ಧಾಂತ? ಪಕ್ಕದ ವಾರ್ಡಿನ ಕೇಂದ್ರಕ್ಕೆ ವ್ಯಾನಲ್ಲಿ ಕೂರಿಸ್ಕೊಂಡು ಹೋಗಿ ಸುಮ್ನೆ ಹಾಕಿಸಿಬಿಡೋಣ. ಉಗುರು ಹೇಗೂ ಕಪ್ಪಗಿದೆ. ಯಾರಿಗೆ ಗೊತ್ತಾಗುತ್ತೆ?"

ಮೆಂಬರಮ್ಮನಿಗೆ ಅದು ಸರಿ ಎನಿಸಿತು. ಒಪ್ಪಿಗೆಯಿಂದ ತಲೆ ಆಡಿಸಿದ್ದೂ ಆಯಿತು. ಸೊಸೆ ಮಾತ್ರ ಮಗುವನ್ನು ಬಿಡಲಿಲ್ಲ.

"ನಂಗೆ ಆಗ ಹೆದರಿಕೆ ಇತ್ತು, ಈಗಲೂ ಇದೆ," ಅಂದಳು. "ಊರಿಗೆಲ್ಲ ಸುರಕ್ಷಿತ ಅಂತ ಹೇಳ್ಕೊಂಡು ಬಂದ್ರಿ ಅತ್ತೆ. ನಂಗೊಬ್ಬಳಿಗೆ ಹೇಳ್ಲಿಲ್ಲ. ಕರ್ಕೊಂಡು ಹೋಗು ಅಂದ್ರಿ, ಅಷ್ಟೇ."

ಇಸ್ತ್ರಿಯ ಸದ್ದು ನಿಂತಿತು. ಮೆಂಬರಮ್ಮ ಗೋಡೆಗೆ ಒರಗಿ ಕೂತರು. "ಸರಿ. ಈಗ ಹೇಳು. ಏನೇನು ಹೆದರಿಕೆ?" ಎಂದರು.

"ಆ ಗಂಟು ಯಾಕೆ ಬಂದಿತ್ತು? ಈ ಸಲವೂ ಬರುತ್ತಾ?"

"ಗೊತ್ತಿಲ್ಲ."

"ಜ್ವರ ಬಂದ್ರೆ ಎಷ್ಟಕ್ಕೆ ಆಸ್ಪತ್ರೆಗೆ ಓಡ್ಬೇಕು?"

"ಅದೂ... ಗೊತ್ತಿಲ್ಲ."

"ಕೆಮ್ಮು ನೆಗಡಿ ಇದ್ರೆ ಹಾಕಿಸಬಹುದಾ?"

ಒಂದು ತಿಂಗಳಿಂದ ಊರೆಲ್ಲ ಹೇಳಿಕೊಂಡು ಬಂದ ಮೆಂಬರಮ್ಮನಿಗೆ ಮೂರು ಪ್ರಶ್ನೆಗೂ ಉತ್ತರ ಬಾರದೆ ಹೋಗಿತ್ತು. ಎದ್ದು ಅಂಗಡಿಗೆ ಹೋಗಿ ಒಂದು ಬಿಲ್ಲಿನ ಚೀಟಿ ಹರಿದು, ಹಿಂಬದಿ ತಿರುಗಿಸಿ, ಪೆನ್ನಿನ ಜೊತೆ ಸೊಸೆಯ ಮುಂದಿಟ್ಟರು. "ಎಲ್ಲಾ ಬರಿ. ನಾಳೆ ಇಬ್ಬರೂ ಹೋಗೋಣ. ಮಗೂನ ಅಜ್ಜಿ ಹತ್ರ ಬಿಟ್ಟು, ನಾವಿಬ್ಬರೇ. ಬರೀ ಕೇಳೋಕೆ."

ಹನ್ನೊಂದು ಪ್ರಶ್ನೆಗಳಾದವು. ಹನ್ನೊಂದನೆಯದು ಯಜಮಾನರದ್ದು. ಅವರಿಗೂ ಒಂದಿತ್ತು, ಇಷ್ಟು ದಿನ ಹೇಳಿರಲಿಲ್ಲ.

ಆರೋಗ್ಯ ಕೇಂದ್ರದ ಸಿಸ್ಟರ್ ದಪ್ಪ ಕನ್ನಡಕದ, ನೇರ ಮಾತಿನ ಹೆಂಗಸು. ವಿಷಯ ಕೇಳಿ ಮೊದಲು ಕನ್ನಡಕ ತೆಗೆದು ಒರೆಸಿದರು. "ನಮ್ಮ ರಿಜಿಸ್ಟರಲ್ಲಿ ಪೋಸ್ಟರ್ ಮಗೂ ಹೆಸರೇ ಇರ್ಲಿಲ್ಲ. ಬೇರೆ ಕಡೆ ಹಾಕಿಸಿರಬೇಕು ಅಂದ್ಕೊಂಡಿದ್ದೆ. ಲಾಂಡ್ರಿ ಶಾಯಿ ಅಂತ ಯಾರು ಯೋಚಿಸ್ತಾರೆ?" ಆಮೇಲೆ ಚೀಟಿ ತೆಗೆದುಕೊಂಡು ಒಂದೊಂದಕ್ಕೂ ಉತ್ತರ ಕೊಟ್ಟರು. ಹೋದ ಸಲದ ಗಂಟು ಆ ಲಸಿಕೆಗೆ ಸಾಮಾನ್ಯ, ತಾನಾಗಿ ಕರಗುತ್ತದೆ. ಇದು ಬೇರೆ ಲಸಿಕೆ, ತೋಳಿಗೆ. ಜ್ವರ ಅದೇ ದಿನ ಬರುವುದಿಲ್ಲ, ಬಂದರೆ ಸುಮಾರು ಒಂದು ವಾರ ಕಳೆದು, ಹತ್ತು ಮಕ್ಕಳಲ್ಲಿ ಒಬ್ಬರಿಗೆ. ಕೆಲವರಿಗೆ ಮೈಮೇಲೆ ಸಣ್ಣಗೆ ಕೆಂಪು ಗುಳ್ಳೆ. ಎರಡು ಮೂರು ದಿನ, ಅಷ್ಟೇ. ಸಣ್ಣ ನೆಗಡಿ ಇದ್ದರೆ ಪರವಾಗಿಲ್ಲ.

"ದೊಡ್ಡ ತೊಂದರೆ ಆಗೋದೇ ಇಲ್ವಾ?" ಸೊಸೆ ಕೇಳಿದಳು.

"ಆಗೋದೇ ಇಲ್ಲ ಅಂತ ಹೇಳಲ್ಲ. ತುಂಬಾ ಅಪರೂಪ. ಮೈಗೆ ಒಗ್ಗದೇ ಇದ್ರೆ ಸಾಮಾನ್ಯವಾಗಿ ಮೊದಲ ಅರ್ಧ ಗಂಟೇಲೇ ಗೊತ್ತಾಗುತ್ತೆ. ಅದಕ್ಕೇ ಅರ್ಧ ಗಂಟೆ ಕೂರಿಸ್ಕೊಳ್ಳೋದು. ಅದರ ಔಷಧಿ ಈ ಪೆಟ್ಟಿಗೇಲಿ ಯಾವಾಗಲೂ ಇರುತ್ತೆ." ಸಿಸ್ಟರ್ ಪೆಟ್ಟಿಗೆ ತೆರೆದು ತೋರಿಸಿದರು. "ಇನ್ನು ದಡಾರ ಬಂದ್ರೆ ಏನಾಗುತ್ತೆ ಅನ್ನೋದು ನಿಮ್ಮ ಚೀಟೀಲಿಲ್ಲ. ಬೇಕರಿ ಓಣಿ ಮಗು ಇನ್ನೂ ಆಸ್ಪತ್ರೇಲೇ ಇದೆ. ಶ್ವಾಸಕೋಶಕ್ಕೆ ಇಳಿದಿದೆ."

ಮನೆಗೆ ನಡೆದು ಬರುವಾಗ, ಮಾರ್ಕೆಟ್ಟಿನ ಕಂಬದ ಬಳಿ, ಪೋಸ್ಟರಿನ ಪುಟ್ಟಿಯ ಕೆಳಗೆ, ಸೊಸೆ ನಿಂತಳು.

"ಭಾನುವಾರ ದೊಡ್ಡ ಸಭೆ ಇದೆಯಲ್ಲ ಅತ್ತೆ. ಸಿಸ್ಟರ್ ಅಲ್ಲೇ ಮೇಜು ಹಾಕ್ತಾರಂತೆ. ಅಲ್ಲೇ ಹಾಕಿಸ್ತೀನಿ."

"ಪುಣ್ಯಾತ್ಗಿತ್ತಿ," ಮೆಂಬರಮ್ಮ ಉಸಿರು ಬಿಟ್ಟರು.

"ಆದ್ರೆ ಮೊದಲು ನೀವು ಇದು ಸುಳ್ಳು ಅಂತ ಹೇಳ್ಬೇಕು." ಪೋಸ್ಟರಿನ ಬೆರಳು ತೋರಿಸಿದಳು. "ನನ್ನಂಥವರು ಇದನ್ನ ನೋಡಿ ಹೋಗಿರ್ತಾರೆ. ನಾಳೆ ಹೇಗೋ ಗೊತ್ತಾದ್ರೆ, ಬೆರಳು ಸುಳ್ಳು, ಲಸಿಕೆಯೂ ಸುಳ್ಳು ಅಂತಾರೆ."

ಶನಿವಾರ ಮಧ್ಯಾಹ್ನದ ಊಟ ಯಾರಿಗೂ ರುಚಿಸಲಿಲ್ಲ. ಸಭೆಗೆ ಶಾಸಕರು ಬರುತ್ತಿದ್ದರು. ಹೋದ ಚುನಾವಣೆಯಲ್ಲಿ ಸೋತ ಹಳೆಯ ಮೆಂಬರೂ ಬರುತ್ತಿದ್ದ. ಊರಲ್ಲಿ ಅವನನ್ನು ಕರೆಯುವುದೇ 'ಮಾಜಿ' ಎಂದು.

"ಮಾಜಿ ಎರಡು ವರ್ಷದಿಂದ ಇಂಥದ್ದಕ್ಕೇ ಬಾಯಿ ಬಿಟ್ಕೊಂಡು ಕಾಯ್ತಿದಾನೆ," ಅಂದರು ಯಜಮಾನರು. "ನೀನಾಗೇ ತಟ್ಟೆಗೆ ಹಾಕಿ ಕೊಡ್ತೀಯ. ಮೆಂಬರ್‌ಗಿರಿ ಮುಗಿದ ಹಾಗೇ."

"ಮುಗಿದ್ರೆ ಅಂಗಡೀಲಿ ನಂಗೊಂದು ಸ್ಟೂಲು ಹಾಕ್ಕೊಡಿ ರೀ."

"ಜಾಗ ಎಲ್ಲಿದೆ?"

"ನನ್ನ ಸ್ಟೂಲು ಕೊಡ್ತೀನಿ," ಅಂದಳು ಅಜ್ಜಿ, ತಟ್ಟೆಯಿಂದ ತಲೆ ಎತ್ತದೆ. "ತಪ್ಪು ನಂದು."

ಮೆಂಬರಮ್ಮ ಅತ್ತೆಯ ತಟ್ಟೆಗೆ ಇನ್ನೊಂದು ಸೌಟು ಅನ್ನ ಹಾಕಿದರು. "ನಿಮ್ಮ ತಪ್ಪು ಬೆರಳಿನಷ್ಟು ಅತ್ತೆ. ಅದನ್ನ ಪೋಸ್ಟರಿನಷ್ಟು ಮಾಡಿದ್ದು ನಾನು. ಉಣ್ಣಿ."

ಭಾನುವಾರ ಹತ್ತು ಗಂಟೆಗೇ ಮೈದಾನ ತುಂಬಿತು. ವೇದಿಕೆಯ ಹಿಂದಿನ ಪರದೆಯ ಮೇಲೆ ಮತ್ತೆ ಅದೇ ಪುಟ್ಟಿ, ಈ ಸಲ ಮನೆಯೆತ್ತರ. ಒಂದು ಪಕ್ಕಕ್ಕೆ ಸಿಸ್ಟರ್ ಮೇಜು. ವೇದಿಕೆಗೆ ಮಾತ್ರ ಶಾಮಿಯಾನದ ನೆರಳು. ಶಾಸಕರು ಬಂದು ದೊಡ್ಡ ಕುರ್ಚಿಯಲ್ಲಿ ಕೂತರು, ಹತ್ತೇ ನಿಮಿಷ ಎಂದು ಮೊದಲೇ ಹೇಳಿಸಿದ್ದರು. ಮಾಜಿ ಇಸ್ತ್ರಿ ಮುರಿಯದ ಬಿಳಿ ಅಂಗಿಯಲ್ಲಿ ಕೈ ಮುಗಿಯುತ್ತ ಬಂದ. ಆ ಅಂಗಿಯ ಇಸ್ತ್ರಿ ಯಜಮಾನರದ್ದೇ.

ಮೆಂಬರಮ್ಮ ಮೈಕಿನ ಮುಂದೆ ನಿಂತರು. ಕಾಗದ ತಂದಿರಲಿಲ್ಲ.

"ಹಿಂದೆ ಇರೋ ಈ ಫೋಟೋ ನೋಡಿ," ಅಂದರು. "ಈ ಉಗುರಿನ ಕಪ್ಪು ಲಸಿಕೇದಲ್ಲ. ನಮ್ಮ ಲಾಂಡ್ರಿ ಶಾಯಿ. ನನ್ನ ಮೊಮ್ಮಗಳಿಗೆ ಇನ್ನೂ ಲಸಿಕೆ ಆಗಿಲ್ಲ. ಅವತ್ತು ನಾನು ನಿಮ್ಮ ಮುಂದೆ ಹೇಳಿದ್ದು ಸುಳ್ಳು. ನಂಗೆ ಗೊತ್ತಿರ್ಲಿಲ್ಲ. ಆದ್ರೆ ಗೊತ್ತು ಮಾಡ್ಕೊಳ್ಳದೆ ಹೇಳಿದ್ದು ನನ್ನ ತಪ್ಪು."

ಶಾಸಕರು ಸಹಾಯಕನ ಮುಖ ನೋಡಿದರು. ಸಹಾಯಕ ಚಪ್ಪಲಿ ನೋಡಿಕೊಂಡ.

ಮೊದಲ ಸಾಲಿನಲ್ಲಿ ಅಜ್ಜಿ ಕೋಲೂರಿ ಎದ್ದು ನಿಂತಳು. "ನಾನೇ ಹಾಕಿದ್ದು," ಎಂದು ಎಲ್ಲರಿಗೂ ಕೇಳುವಂತೆ ಹೇಳಿದಳು. "ಮೂರು ವಾರ ಆಯ್ತು. ಹೋಗಿದ್ಯಾ ನೋಡಿ."

ಎಲ್ಲೋ ಒಬ್ಬರು ನಕ್ಕರು. ನಗು ಸಾಲಿನಿಂದ ಸಾಲಿಗೆ ಹರಡಿತು. ಅದರ ನಡುವೆ ಬೇಕರಿಯವನ ಧ್ವನಿ ಗಡುಸಾಗಿ ಬಂತು: "ಹಂಗಾದ್ರೆ ನಿಮ್ಮ ಮಾತು ಹೇಗೆ ನಂಬೋದು ಮೆಂಬರಮ್ಮ?"

"ನನ್ನ ಮಾತು ನಂಬಬೇಡಿ. ನನ್ನ ಸೊಸೆಗೆ ಹೆದರಿಕೆ ಇತ್ತು. ಹನ್ನೊಂದು ಪ್ರಶ್ನೆ ಬರ್ಕೊಂಡಿದಾಳೆ. ಒಂದಕ್ಕೂ ನಂಗೆ ಉತ್ತರ ಗೊತ್ತಿರ್ಲಿಲ್ಲ. ಸಿಸ್ಟರ್ ಇಲ್ಲಿದಾರೆ. ನೀವೇ ಕೇಳಿಸ್ಕೊಳ್ಳಿ."

ಸೊಸೆ ಪುಟ್ಟಿಯನ್ನು ಸೊಂಟಕ್ಕೇರಿಸಿಕೊಂಡು ವೇದಿಕೆ ಹತ್ತಿದಳು. ಮೊದಲ ಪ್ರಶ್ನೆಯನ್ನು ಚೀಟಿಯಿಂದ ಕಣ್ಣೆತ್ತದೆ ಓದಿದಳು. ಮೂರನೆಯದರ ಹೊತ್ತಿಗೆ ಜನರ ಕಡೆ ನೋಡಿ ಓದತೊಡಗಿದಳು. ಹತ್ತರಲ್ಲಿ ಒಬ್ಬರಿಗೆ ಜ್ವರ ಎಂದು ಸಿಸ್ಟರ್ ಹೇಳಿದಾಗ ಹೆಂಗಸರ ಸಾಲಿನಲ್ಲಿ ಗುಜುಗುಜು ಎದ್ದಿತು. ಅದು ಯಾವ ದಿನ, ಎಷ್ಟು ದಿನ, ಏನು ಮಾಡಬೇಕು ಎಂದು ಹೇಳಿದಾಗ ಗುಜುಗುಜು ಇಳಿಯಿತು. ಹನ್ನೊಂದನೆಯದನ್ನು ಓದುವ ಮುಂಚೆ ಅವಳು, "ಇದು ನಮ್ಮ ಮಾವನದು. ಲಸಿಕೆ ಹಾಕಿಸಿದ ದಿನ ಮಗೂಗೆ ಸ್ನಾನ ಮಾಡಿಸಬಹುದಾ?" ಅಂದಳು. ಯಜಮಾನರು ಟವೆಲಿನಿಂದ ಮುಖ ಒರೆಸಿಕೊಂಡರು. ಮಾಡಿಸಬಹುದು ಎಂದರು ಸಿಸ್ಟರ್.

ಚೀಟಿ ಮುಗಿಯಿತು. ಸೊಸೆ ಯಾರನ್ನೂ ನೋಡದೆ ಕೆಳಗಿಳಿದು ಮೇಜಿನ ಮುಂದೆ ಕೂತು ಪುಟ್ಟಿಯ ಅಂಗಿಯ ತೋಳು ಸರಿಸಿದಳು. ಪುಟ್ಟಿ ಒಂದು ಸಲ ಕಿರುಚಿದಳು. ಈ ಸಲ ಅವಳ ತಾಯಿ ಎದ್ದು ಓಡಲಿಲ್ಲ. ಸಿಸ್ಟರ್ ಹಾಳೆಯಲ್ಲಿ ಬರೆದು, ಪೆನ್ನು ತೆಗೆದು, ಎಡ ಹೆಬ್ಬೆರಳು ನೋಡಿ ತಡೆದರು. "ಇಲ್ಲಿ ಜಾಗ ಖಾಲಿ ಇಲ್ಲ," ಎಂದು ಬಲ ಹೆಬ್ಬೆರಳಿಗೆ ಬಳಿದರು. "ಇನ್ನು ಅರ್ಧ ಗಂಟೆ ಕೂತಿರ್ಬೇಕು. ನೆರಳಲ್ಲಿ ಕೂತ್ಕೊಳ್ಳಿ."

ನೆರಳು ಇದ್ದದ್ದು ವೇದಿಕೆಯ ಮೇಲೆ ಮಾತ್ರ. ಸೊಸೆ ಮತ್ತೆ ಹತ್ತಿದಳು. ಸಾವಿರ ಜನ ನೋಡುತ್ತಿರುವಾಗ ಶಾಸಕರಿಗೆ ಬೇರೆ ದಾರಿ ಇರಲಿಲ್ಲ. ಎದ್ದು ತಮ್ಮ ದೊಡ್ಡ ಕುರ್ಚಿ ಕೊಟ್ಟು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತರು. ಅತ್ತು ಸುಸ್ತಾಗಿದ್ದ ಪುಟ್ಟಿ ಎರಡೇ ನಿಮಿಷದಲ್ಲಿ ತಾಯಿಯ ಮಡಿಲಲ್ಲಿ ನಿದ್ದೆ ಹೋದಳು.

ಮಾಜಿ ಇದಕ್ಕೇ ಕಾಯುತ್ತಿದ್ದ. ಮೈಕು ಹಿಡಿದು ಗಂಟಲು ಸರಿಮಾಡಿಕೊಂಡ. "ಬಂಧುಗಳೇ, ಈ ವಾರ್ಡಿಗೆ ಮಾಡಿದ ಮಹಾಮೋಸ..."

ಪುಟ್ಟಿ ಬೆಚ್ಚಿ ಕೈ ಎಸೆದಳು.

"ಶ್," ಅಂದಳು ಹಾಲಿನ ಡಿಪೋದವಳು. "ಶ್," ಅಂದಿತು ಹೆಂಗಸರ ಸಾಲು. ಆಮೇಲೆ ಇಡೀ ಮೈದಾನ. ಶಾಸಕರೂ ತುಟಿಯ ಮೇಲೆ ಬೆರಳಿಟ್ಟರು. ಮಾಜಿ ಬಾಯಿ ತೆರೆದೇ ನಿಂತ. ಮೈಕ್ ಸೆಟ್ಟಿನವನು ಬಂದು ಅವನ ಕೈಯಿಂದ ಮೈಕನ್ನು ಮೆಲ್ಲಗೆ ತೆಗೆದುಕೊಂಡು, ಸ್ವಿಚ್ಚು ಆರಿಸಿದ.

ಆ ಊರಿನಲ್ಲಿ ಅಂಥ ಸಭೆ ಹಿಂದೆ ನಡೆದಿರಲಿಲ್ಲ. ವೇದಿಕೆ ತುಂಬ ರಾಜಕಾರಣಿಗಳು, ಒಬ್ಬರಿಗೂ ಮಾತಿಲ್ಲ. ಸಾವಿರ ಜನ ಒಂದು ಮಗುವಿನ ಹೊಟ್ಟೆ ಏರಿಳಿಯುವುದನ್ನು ನೋಡುತ್ತ ಕೂತರು. ಕಾಲು ಗಂಟೆಯಾಯಿತು. ಸಹಾಯಕ ಕಾರಿನ ಕಡೆ ಕೈ ಮಾಡಿ ತೋರಿಸಿದ. ಶಾಸಕರು ಗಡಿಯಾರ ನೋಡಿದರು, ಜನರನ್ನು ನೋಡಿದರು, ಅಲುಗಲಿಲ್ಲ. ಪುಟ್ಟಿಯ ಹಣೆಯಲ್ಲಿ ಬೆವರು ಕಂಡು, ತಮ್ಮ ಜೇಬಿನಲ್ಲಿದ್ದ ಭಾಷಣದ ಹಾಳೆಗಳನ್ನು ತೆಗೆದು ಮಡಿಸಿ ಗಾಳಿ ಬೀಸತೊಡಗಿದರು. ಆರೋಗ್ಯ ಕಚೇರಿಯವನು ಸದ್ದಾಗದಂತೆ ಫೋಟೋ ತೆಗೆದ.

ಮೆಂಬರಮ್ಮ ಸೊಸೆಯ ಕುರ್ಚಿಯ ಪಕ್ಕ ನೆಲದ ಮೇಲೇ ಕೂತಿದ್ದರು. ಸೊಸೆಯ ಎಡಗೈ ಎಲ್ಲಿಂದಲೋ ಬಂದು ಅವರ ಹೆಗಲ ಮೇಲೆ ಕೂತಿತು. ಅರ್ಧ ಗಂಟೆ ತೆಗೆಯಲಿಲ್ಲ.

ಸಿಸ್ಟರ್ ಬಂದು ತೋಳು ನೋಡಿದರು, ಮುಖ ನೋಡಿದರು. "ಆಯ್ತು. ಮನೆಗೆ ಹೋಗಬಹುದು."

ಯಾರೂ ಮನೆಗೆ ಹೋಗಲಿಲ್ಲ. ಮೊದಲು ಎದ್ದವನು ಬೇಕರಿಯವನು, ಕಂಕುಳಲ್ಲಿ ಎರಡು ವರ್ಷದ ಮಗಳು. ಅವನ ಹಿಂದೆ ಸಾಲು ಬೆಳೆಯಿತು. ಸಾಲಿನಲ್ಲಿ ನಿಂತೇ ಅವನು ಮಾಜಿಯನ್ನು ಕೇಳಿದ: "ಅಣ್ಣ, ನಿಮ್ಮ ಮೊಮ್ಮಕ್ಕಳ ಹೆಬ್ಬೆರಳು ಹೇಗಿದೆ?"

ಎಲ್ಲರೂ ತಿರುಗಿದರು. ಮಾಜಿ ಚಳಿಗಾಲ ಕಳೀಲಿ ಅಂದ, ಅವರ ಅಪ್ಪ ಊರಲ್ಲಿಲ್ಲ ಅಂದ. ಕೊನೆಗೆ ಫೋನು ತೆಗೆದ. ಇಪ್ಪತ್ತು ನಿಮಿಷದಲ್ಲಿ ಮೂರು ಮೊಮ್ಮಕ್ಕಳು ಬಂದವು. ಅವನು ಅವರನ್ನು ಸಾಲಾಗಿ ಕೂರಿಸಿ, ಲಸಿಕೆ ಹಾಕಿಸಿ, ಮೂರೂ ಹೆಬ್ಬೆರಳು ಎತ್ತಿ ಹಿಡಿದು, "ನಂದು ಮೂರು, ನಿಮ್ಮದು ಒಂದು," ಎಂದ ಮೆಂಬರಮ್ಮನಿಗೆ.

"ಗೆದ್ರಿ ಬಿಡಿ ಅಣ್ಣ," ಅಂದರು ಮೆಂಬರಮ್ಮ. "ಇಂಥ ಸೋಲು ವಾರಕ್ಕೊಂದು ಬರ್ಲಿ."

ಮಧ್ಯಾಹ್ನ ಎರಡಕ್ಕೆ ಲಸಿಕೆ ಖಾಲಿಯಾಯಿತು. ಮಗ ಸಿಸ್ಟರನ್ನು ವ್ಯಾನಿನಲ್ಲಿ ಕೂರಿಸಿಕೊಂಡು ಹೋಗಿ, ಇಸ್ತ್ರಿ ಮಾಡಿದ ಹಾಸಿಗೆ ವಸ್ತ್ರಗಳ ನಡುವೆ ತಂಪು ಪೆಟ್ಟಿಗೆ ಇಟ್ಟು ಇನ್ನಷ್ಟು ತಂದ. ಅದೂ ಸಂಜೆಗೆ ಮುಗಿಯಿತು.

ಎಂಟನೇ ದಿನ ಪುಟ್ಟಿಯ ಮೈ ಬಿಸಿಯಾಯಿತು. ಹತ್ತರಲ್ಲಿ ಆ ಒಬ್ಬಳು ಅವಳೇ. ಬೀದಿಯ ಹೆಂಗಸರು ಒಬ್ಬೊಬ್ಬರಾಗಿ ಅಂಗಡಿಯ ಬಾಗಿಲಿಗೆ ಬಂದು ಇಣುಕಿದರು. ಸೊಸೆ ಚೀಟಿ ತೆಗೆದು ನೋಡಿ, ಸಿರಪ್ಪು ಕುಡಿಸಿ, ಮತ್ತೆ ಯಂತ್ರದ ಮುಂದೆ ಕೂತಳು. "ಬರುತ್ತೆ ಅಂದಿದ್ರು, ಬಂತು. ನಾಡಿದ್ದು ಹೋಗುತ್ತೆ ಅಂದಿದಾರೆ," ಅಂದಳು. ನಾಡಿದ್ದು ಹೋಯಿತು. ಆ ಸುದ್ದಿಗೆ ಪೋಸ್ಟರು ಬೇಕಾಗಲಿಲ್ಲ.

ತಿಂಗಳು ಕಳೆಯಿತು. ಬೇಕರಿ ಓಣಿಯ ಆ ಮಗು ಆಸ್ಪತ್ರೆಯಿಂದ ಮನೆಗೆ ಬಂತು, ಸಣ್ಣಗಾಗಿ, ಆದರೆ ಜೋರಾಗಿ ಹಟ ಮಾಡುತ್ತ. ಹೊಸದಾಗಿ ಯಾರಿಗೂ ದಡಾರ ಬಂದ ಸುದ್ದಿಯಿಲ್ಲ. ಗೋಡೆಗಳ ಮೇಲೆ ಈಗ ಬೇರೆ ಪೋಸ್ಟರು: ಮಲಗಿದ ಮಗು, ಭಾಷಣದ ಹಾಳೆಯಲ್ಲಿ ಗಾಳಿ ಬೀಸುವ ಶಾಸಕರು. ಬೇರೆ ಊರಿನ ಮೆಂಬರುಗಳು ಬಂದು ಸೊಸೆಯ ಚೀಟಿಯ ನಕಲು ತೆಗೆದುಕೊಂಡು ಹೋದರು.

ಬಲ ಹೆಬ್ಬೆರಳಿನ ಕಪ್ಪು ಹನ್ನೆರಡು ದಿನಕ್ಕೆ ಮಾಯವಾಗಿತ್ತು. ಎಡದ್ದು ಉಗುರಿನ ತುದಿಯಲ್ಲಿ ಇನ್ನೂ ಗೀಟಿನಂತೆ ಉಳಿದಿತ್ತು. ಅಜ್ಜಿ ಬಂದವರಿಗೆಲ್ಲ ಎರಡೂ ತೋರಿಸುವಳು. "ಹೋಗಿದ್ಯಲ್ಲ, ಅದು ಸಿಸ್ಟರ್ದು. ಇದು ನಂದು. ಕೆಲಸ ಮಾಡಿದ್ದು ಅದು."

ಅಂಗಡಿಯಲ್ಲಿ ಯಜಮಾನರು ಬಟ್ಟೆಗಂಟುಗಳನ್ನು ಸರಿಸಿ, ಹೊಲಿಗೆ ಯಂತ್ರದ ಪಕ್ಕದಲ್ಲಿ ಇನ್ನೊಂದು ಸ್ಟೂಲು ಹಾಕಿದ್ದರು, ಹೆಂಡತಿಗೆಂದು. ಮೆಂಬರಮ್ಮ ಮೆಂಬರಾಗಿಯೇ ಉಳಿದದ್ದರಿಂದ ಅದರ ಮೇಲೆ ಕೂರಲು ಅವರಿಗೆ ಪುರುಸೊತ್ತಾಗಲಿಲ್ಲ. ಬೆಳಗ್ಗೆ ಟೀ ಕುಡಿಯುವಷ್ಟು ಹೊತ್ತು ಕೂರುವರು, ಸೊಸೆ ಹೇಳುವುದನ್ನು ಕೇಳುವರು, ಏಳುವರು.

ಒಂದು ದಿನ ಅವರು ಆಗತಾನೇ ಎದ್ದು ಹೋಗಿದ್ದರು. ಯಾವುದೋ ದೂರದ ಬೀದಿಯ ಹೆಂಗಸೊಬ್ಬಳು ಬಾಗಿಲಲ್ಲಿ ನಿಂತಳು. ತೋಳಲ್ಲಿ ಕೂಸು, ಕೈಯಲ್ಲಿ ಬಟ್ಟೆಗಂಟಿಲ್ಲ. ಇಸ್ತ್ರಿಯ ಹಬೆಯೊಳಗೆ ಕಣ್ಣು ಕಿರಿದು ಮಾಡಿ, "ಲಸಿಕೆ ವಿಷಯ ಕೇಳೋದು... ಇಲ್ಲೇನಾ?" ಅಂದಳು.

ಸೊಸೆ ಯಂತ್ರ ನಿಲ್ಲಿಸಿ, ಕಾಲಿನಿಂದ ಸ್ಟೂಲನ್ನು ಅವಳ ಕಡೆ ತಳ್ಳಿದಳು.

"ಕೂತ್ಕೊಳ್ಳಿ ಅಕ್ಕ. ಹನ್ನೊಂದು ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ಹನ್ನೆರಡನೇದು ಇದ್ರೆ, ನಡೀರಿ, ಸಿಸ್ಟರ್ ಹತ್ರ ಇಬ್ಬರೂ ಹೋಗೋಣ."